ಅಗಲಿದವರ ನೆನಪಿನ ಒಡವೆ

ಮರಣವು ನಮ್ಮವರೊಬ್ಬರನ್ನು ಒಯ್ದ ಮೇಲೆ ನಮ್ಮ ಪಾಲಿಗೆ ಉಳಿಯತಕ್ಕದ್ದು ನೆನಪೊಂದೇ. ನೆನಪೆಂಬುದಾದರೋ ನೀರಿನಂತಹುದು; ಪಾತ್ರೆಯಲ್ಲಿ ಹಿಡಿದಿಡದಿದ್ದರೆ ಇಂಗಿಹೋಗುವುದು. ಆದುದರಿಂದಲೇ ಸಕಲ ಜನಾಂಗಗಳೂ ತಂತಮ್ಮ ಮನೋಧರ್ಮಕ್ಕೆ ತಕ್ಕ ಪಾತ್ರೆಗಳನ್ನು ಅದಕ್ಕಾಗಿ ನಿರ್ಮಿಸಿಕೊಂಡಿವೆ. ನಮ್ಮ ಕನ್ನಡನಾಡಿನ ಪೂರ್ವಿಕರು ಈ ಕಾರ್ಯಕ್ಕೆ ಕಲ್ಲನ್ನು ಆರಿಸಿಕೊಂಡರು. ತುರುಗಳನ್ನು ಕಾಯಲು ಹೋರಾಡಿ ಮಡಿದವನಿಗೆ ವೀರಗಲ್ಲು, ಸಲ್ಲೇಖನದಿಂದ ದೇಹವನ್ನು ಬಿಟ್ಟವರಿಗೆ ನಿಸಿಧಿ, ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಗಲ್ಲು. ಮಾಸ್ತಿಗಲ್ಲನ್ನು ನೋಡಿದವರಿಗೆಲ್ಲ ಅದರ ಮುಖ್ಯ ಗುರುತು ಗೊತ್ತಿದೆ: ಮೇಲಕ್ಕೆತ್ತಿದ ಒಂದು ತೋಳು, ಆ ತೋಳಿನ ತುಂಬ ಬಳೆ. ಹೆಣ್ಣು ಹೋದಳು, ಬಳೆ ಕಲ್ಲಿನಲ್ಲಿ ನಿಂತಿತು. ಅಗಲಿದವರ ನೆನಪಿಗೂ ಒಡವೆಗೂ ಇರುವ ನಂಟು ನಮ್ಮಲ್ಲಿ ಎಷ್ಟು ಹಳೆಯದು, ಎಷ್ಟು ಕಹಿಯಾದದ್ದು ಎಂಬುದಕ್ಕೆ ಈ ಶಿಲೆಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ದಿನ ನಾವು ಹೇಳಹೊರಟಿರುವುದು ಊರ ಹೊರಗೆ ನಿಲ್ಲಿಸುವ ದೊಡ್ಡ ಕಲ್ಲಿನ ವಿಷಯವಲ್ಲ. ಮೈಮೇಲೆ ಧರಿಸುವ ಚಿಕ್ಕ ಕಲ್ಲಿನ ವಿಷಯ. ತೀರಿಕೊಂಡ ತಾಯಿಯ, ತಂದೆಯ, ಗಂಡನ, ಹೆಂಡತಿಯ ಇಲ್ಲವೆ ಮಗುವಿನ ನೆನಪಿಗಾಗಿ ರತ್ನದ ಒಡವೆಯೊಂದನ್ನು ಯೋಚಿಸಿ ಮಾಡಿಸಿಕೊಳ್ಳುವ ಪದ್ಧತಿ ಈಚೆಗೆ ನಮ್ಮ ಪಟ್ಟಣಗಳಲ್ಲಿಯೂ ಕಾಣಬರುತ್ತಿದೆ. ಇದು ಕೇವಲ ಷೋಕಿಯೆ, ಅಥವಾ ಇದರಲ್ಲಿ ಏನಾದರೂ ಅರ್ಥವುಂಟೆ? ಅರ್ಥವಿದ್ದರೆ ಅದು ಕೆಡದಂತೆ ಒಡವೆಯನ್ನು ಮಾಡಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಮೊದಲು ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಮರಣ ಸಂಭವಿಸಿದಾಗ ನಮ್ಮ ಸಂಪ್ರದಾಯವು ಒಡವೆಯನ್ನು ತೆಗೆಯಿರಿ ಎಂದಿತು. ಪಾಶ್ಚಾತ್ಯರ ಸಂಪ್ರದಾಯವು ಒಡವೆಯನ್ನು ತೊಡಿರಿ ಎಂದಿತು. ನಮ್ಮಲ್ಲಿ ಸೂತಕದ ಮನೆಯಲ್ಲಿ ಆಭರಣಕ್ಕೆ ಎಡೆಯಿಲ್ಲ. ಗಂಡನನ್ನು ಕಳೆದುಕೊಂಡವಳಂತೂ ತಾಳಿ, ಓಲೆ, ಮೂಗುಬಟ್ಟುಗಳನ್ನು ಒಂದೇ ದಿನ ತೆಗೆದಿಡಬೇಕಾಗಿತ್ತು. ಅಲ್ಲಿಯಾದರೋ ದುಃಖಕ್ಕೆಂದೇ ಬೇರೆ ಒಡವೆಗಳು ಹುಟ್ಟಿಕೊಂಡುವು.

ಇಂಗ್ಲೆಂಡಿನ ಮಹಾಕವಿ ಷೇಕ್ಸ್‌ಪಿಯರನು ೧೬೧೬ರಲ್ಲಿ ಬರೆಯಿಸಿದ ಮರಣಶಾಸನದಲ್ಲಿ, ತನ್ನೊಡನೆ ನಾಟಕವಾಡಿದ ಹೆಮಿಂಜ್, ಬರ್ಬೇಜ್, ಕಾಂಡೆಲ್ ಎಂಬ ಮೂವರು ಗೆಳೆಯರಿಗೆ ಉಂಗುರ ಕೊಂಡುಕೊಳ್ಳುವುದಕ್ಕಾಗಿ ತಲೆಗೆ ಇಪ್ಪತ್ತಾರು ಷಿಲ್ಲಿಂಗ್ ಎಂಟು ಪೆನ್ಸುಗಳನ್ನು ಬಿಟ್ಟನು. ೧೭೦೩ರಲ್ಲಿ ಕಾಲವಾದ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸನ ಉತ್ತರಕ್ರಿಯೆಯ ಕಾಲದಲ್ಲಿ ನೂರಕ್ಕೂ ಹೆಚ್ಚು ಉಂಗುರಗಳನ್ನು, ಪಡೆಯುವವರ ಅಂತಸ್ತಿಗೆ ತಕ್ಕಂತೆ ಬೇರೆ ಬೇರೆ ಬೆಲೆಯವನ್ನು, ಹಂಚಿದರು. ಆ ಹದಿನೇಳನೆಯ ಶತಮಾನದ ಉಂಗುರಗಳ ಮೇಲೆ ತಲೆಬುರುಡೆಯನ್ನೂ ಎಲುಬುಗಳನ್ನೂ ಕೆತ್ತುತ್ತಿದ್ದರು. ನೀನೂ ಸಾಯತಕ್ಕವನೆಂಬುದನ್ನು ಮರೆಯಬೇಡ ಎಂಬುದು ಅವುಗಳ ತಾತ್ಪರ್ಯ. ಮುಂದಿನ ಶತಮಾನದಲ್ಲಿ ಈ ಭೀಕರತೆ ತಗ್ಗಿ ಮಾರ್ದವವು ಬಂದಿತು. ಉಂಗುರದ ಸುತ್ತ ಎನಾಮಲಿನ ಲೇಪನ ಕೊಟ್ಟು ಸತ್ತವರ ಹೆಸರನ್ನೂ ವಯಸ್ಸನ್ನೂ ಬರೆಯುತ್ತಿದ್ದರು. ಸಾಮಾನ್ಯವಾಗಿ ಲೇಪನ ಕಪ್ಪು. ಸತ್ತವರು ಮಗುವೋ ಅವಿವಾಹಿತರೋ ಆಗಿದ್ದರೆ ಅದು ಬಿಳುಪು. ಸಣ್ಣ ಮುತ್ತುಗಳನ್ನು ಕಣ್ಣೀರಿನ ಹನಿಗಳೆಂಬ ಭಾವದಿಂದ ಕೂಡಿಸುತ್ತಿದ್ದರು. ಸ್ಫಟಿಕದ ಹರಳಿನ ಅಡಿಯಲ್ಲಿ ಅಗಲಿದವರ ಕೂದಲಿನ ಎಳೆಯನ್ನಿಡುವುದು ಬಹಳ ಬಳಕೆಯಲ್ಲಿತ್ತು. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ೧೯೦೫ರಲ್ಲಿ ಅಧಿಕಾರ ಸ್ವೀಕಾರ ಮಾಡಿದಾಗ ಅವನ ಬೆರಳಿನಲ್ಲಿದ್ದ ಉಂಗುರದೊಳಗೆ, ನಾಲ್ವತ್ತು ವರ್ಷಗಳ ಹಿಂದೆ ಹತನಾಗಿದ್ದ ಲಿಂಕನ್ನನ ಕೂದಲಿತ್ತು. ಅದನ್ನು ಕೊಟ್ಟವನು ಯೌವನದಲ್ಲಿ ಲಿಂಕನ್ನನ ಕಾರ್ಯದರ್ಶಿಯಾಗಿದ್ದ ಜಾನ್ ಹೇ.

ಇವೆಲ್ಲಕ್ಕಿಂತ ಹೃದಯಸ್ಪರ್ಶಿಯಾದದ್ದು ಒಂದನೆಯ ಎಲಿಜಬೆತ್ ರಾಣಿಯ ಉಂಗುರ. ಸುಮಾರು ೧೫೭೫ರಲ್ಲಿ ಮಾಡಿದ ಈ ಉಂಗುರದಲ್ಲಿ ಕೆಂಪುಗಳೂ ವಜ್ರಗಳೂ ಇವೆ. ಅದರ ಮುಖವನ್ನು ಮುಚ್ಚಳದಂತೆ ತೆರೆದರೆ ಒಳಗೆ ಎರಡು ಚಿಕ್ಕ ಮುಖಗಳು: ಒಂದು ರಾಣಿಯದು, ಇನ್ನೊಂದು ಅವಳ ತಾಯಿ ಆನ್ ಬೊಲಿನ್ನಳದೆಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ. ಆ ತಾಯಿಯನ್ನು ಶಿರಚ್ಛೇದ ಮಾಡಿಸಿದವನು ಎಲಿಜಬೆತ್ತಳ ತಂದೆಯೇ. ಆಗ ಮಗುವಿಗೆ ಮೂರು ವರ್ಷವೂ ತುಂಬಿರಲಿಲ್ಲ. ಬಹಿರಂಗವಾಗಿ ಹೇಳಿಕೊಳ್ಳಲಾಗದ ನೆನಪೊಂದನ್ನು ರಾಣಿಯು ಬೆರಳಿನ ಮೇಲೆ, ಮುಚ್ಚಳದ ಕೆಳಗೆ, ಇಟ್ಟುಕೊಂಡಳೆಂದು ಊಹಿಸಿದರೆ ತಪ್ಪಾಗಲಾರದು. ನೆನಪಿನ ಒಡವೆಯ ನಿಜವಾದ ಗುಣವು ಇಲ್ಲಿ ಕಾಣುತ್ತದೆ: ಲೋಕಕ್ಕೆ ಅದು ಉಂಗುರ, ಧರಿಸಿದವರಿಗೆ ಮಾತ್ರ ಮುಖ.

ಆದರೆ ಇದೇ ಪದ್ಧತಿಯು ಗುಣವನ್ನು ಕಳೆದುಕೊಂಡ ಕಥೆಯೂ ಇಂಗ್ಲೆಂಡಿನಲ್ಲಿಯೇ ಉಂಟು. ೧೮೬೧ನೆಯ ಇಸವಿ ಡಿಸೆಂಬರ್ ೧೪ರಂದು ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನು ತೀರಿಕೊಂಡನು. ೧೯೦೧ರಲ್ಲಿ ತಾನು ಕಣ್ಣುಮುಚ್ಚುವವರೆಗೂ ರಾಣಿಯು ಕಪ್ಪುಡುಗೆಯನ್ನು ಬಿಡಲಿಲ್ಲ. ಆಸ್ಥಾನದಲ್ಲಿ ಶೋಕಕ್ಕೆ ಒಪ್ಪುವ ಒಡವೆಯೆಂದರೆ ಜೆಟ್ ಎಂಬ ಕರಿಯ ಕಲ್ಲಿನದು. ಇದು ವಾಸ್ತವವಾಗಿ ಕಲ್ಲಲ್ಲ, ಮರ. ಸುಮಾರು ಹದಿನೆಂಟು ಕೋಟಿ ವರ್ಷಗಳ ಹಿಂದೆ ನೀರಿಗೆ ಬಿದ್ದ ವೃಕ್ಷಗಳು ಕೆಸರಿನಲ್ಲಿ ಹೂತು, ಒತ್ತಡದಿಂದ ಮಾರ್ಪಟ್ಟು ಆದ ಪದಾರ್ಥ. ಕೈಗೆ ಹಗುರ, ಮೈಗೆ ಬೆಚ್ಚಗೆ, ಉಜ್ಜಿದರೆ ಕನ್ನಡಿಯಂತೆ ಹೊಳಪು. ಯಾರ್ಕ್‌ಷೈರಿನ ಕಡಲತೀರದ ವ್ಹಿಟ್‌ಬಿ ಎಂಬ ಊರಿನ ಸುತ್ತಣ ಬಂಡೆಗಳಲ್ಲಿ ಉತ್ತಮವಾದ ಜೆಟ್ ದೊರೆಯುವುದು. ೧೮೩೨ರ ಸುಮಾರಿಗೆ ಆ ಊರಿನಲ್ಲಿ ಈ ಕೆಲಸದ ಅಂಗಡಿಗಳು ಎರಡೇ ಇದ್ದುವಂತೆ. ೧೮೭೦ರ ದಶಕದ ಆರಂಭಕ್ಕೆ ಸುಮಾರು ೧,೫೦೦ ಮಂದಿ ಇದರಿಂದ ಜೀವನ ಮಾಡುತ್ತಿದ್ದರು. ರಾಣಿಯ ದುಃಖವು ಒಂದೂರಿಗೆ ಅನ್ನವಾಯಿತು! ಆದರೆ ಬೇಡಿಕೆ ಹೆಚ್ಚಿದಂತೆ ಕರಿಯ ಗಾಜು, ಗಟ್ಟಿಮಾಡಿದ ರಬ್ಬರು, ಹೊರದೇಶದ ಮೆದು ಜೆಟ್ಟು ಇವೆಲ್ಲ ಅದರ ವೇಷದಲ್ಲಿ ಸಂತೆಗೆ ಬಂದುವು. ಯಾರು ಎಷ್ಟು ತಿಂಗಳು ಯಾವ ಒಡವೆಯನ್ನು ತೊಡಬೇಕೆಂಬ ವಿಧಿನಿಷೇಧಗಳು ಬೆಳೆದುವು. ದುಃಖವಿಲ್ಲದವರೂ ದುಃಖದ ಒಡವೆಯನ್ನು ತೊಡುವಂತಾಯಿತು. ಮುಂದೆ ಷೋಕಿ ತಿರುಗಿತು. ೧೮೮೦ರ ದಶಕದಲ್ಲಿ ಆ ಉದ್ಯಮವು ಕುಸಿಯಿತು. ನೆನಪು ಎಲ್ಲಿ ಪದ್ಧತಿಯಾಗುವುದೋ ಅಲ್ಲಿ ಒಡವೆಯು ಸಮವಸ್ತ್ರವಾಗುವುದು ಎಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.

ಈಗ ನಮ್ಮ ಮನೆಗೆ ಬರೋಣ. ನಮ್ಮಲ್ಲಿ ದೇಹದ ಯಾವ ಅಂಶವನ್ನೂ ಉಳಿಸಿಕೊಳ್ಳುವ ಅಭ್ಯಾಸವಿಲ್ಲ. ಕೂದಲು ಮೈಲಿಗೆ, ಅಸ್ಥಿಯು ನದಿಯ ಪಾಲು. ಉಳಿಯುವುದು ಅವರು ಮುಟ್ಟಿದ, ತೊಟ್ಟ ವಸ್ತುಗಳು ಮಾತ್ರ. ತಂದೆಯ ಚಿನ್ನದ ಗುಂಡಿ, ಅಜ್ಜನ ಕಿವಿಯ ಒಂಟಿ, ತಾಯಿಯ ಏಳುಕಲ್ಲಿನ ಓಲೆ. ಇವುಗಳಲ್ಲಿ ತಾಯಿಯ ಒಡವೆಗೆ ವಿಶೇಷವಾದ ಸ್ಥಾನವಿದೆ. ಕಲ್ಯಾಣದ ಚಾಳುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ಗ್ರಂಥದಲ್ಲಿ ಸ್ತ್ರೀಧನವು ತಾಯಿಯ ತರುವಾಯ ಹೆಣ್ಣುಮಕ್ಕಳಿಗೆ, ಅವರಲ್ಲಿಯೂ ಮದುವೆಯಾಗದವರಿಗೆ ಮೊದಲು, ಸಲ್ಲತಕ್ಕದ್ದೆಂದು ವಿಧಿಸಿದನು. ಭೂಮಿಕಾಣಿಗಳೆಲ್ಲ ಗಂಡಸರ ಕೈಯಲ್ಲಿ ಸಾಗುತ್ತಿದ್ದಾಗ ಒಬ್ಬ ಹೆಂಗಸು ತನ್ನದೆಂದು ತನ್ನ ಮಗಳಿಗೆ ಕೊಟ್ಟುಹೋಗಬಹುದಾಗಿದ್ದ ಆಸ್ತಿಯು ಬಹುಮಟ್ಟಿಗೆ ಒಡವೆಯೇ. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನದಿಂದ ತಾಯಿಯ ಆಸ್ತಿಯಲ್ಲಿ ಗಂಡನಿಗೂ ಗಂಡುಹೆಣ್ಣು ಮಕ್ಕಳಿಗೂ ಸಮಭಾಗ ಬಂದಿದೆ. ಆದರೂ ಮಗಳ ಮನಸ್ಸಿನಲ್ಲಿ ತಾಯಿಯ ಓಲೆಗೆ ಹಳೆಯ ನ್ಯಾಯವೇ ನಡೆಯುತ್ತಿದೆ. ಅದು ಬರಿಯ ಚಿನ್ನವಲ್ಲ, ತಾಯಿ ತನ್ನ ಕೈಯಾರೆ ಬರೆಯದೆ ಬಿಟ್ಟುಹೋದ ಮರಣಶಾಸನ.

ಆದುದರಿಂದ ನೆನಪಿನ ಒಡವೆಯನ್ನು ಮಾಡಿಸಹೊರಟವರಿಗೆ ಎದುರಾಗುವ ಮೊದಲನೆಯ ಪ್ರಶ್ನೆ: ಇದ್ದುದನ್ನು ಮುರಿಸಬಹುದೆ? ಕೆಲವರು ಮುರಿಸಕೂಡದೆನ್ನುವರು, ಹಾಗೆನ್ನುವವರ ಮನೆಯ ಒಡವೆಯು ಬ್ಯಾಂಕಿನ ಪೆಟ್ಟಿಗೆಯ ಕತ್ತಲೆಯಲ್ಲಿ ಮೂವತ್ತು ವರ್ಷ ಮಲಗಿರುವುದು. ಕೆಲವರು ಇಂದಿನ ಮಾದರಿಗೆಂದು ಎಲ್ಲವನ್ನೂ ಮೂಸೆಗೆ ಹಾಕಿಸುವರು; ಕರಗಿದ ಚಿನ್ನಕ್ಕೆ ತೂಕವುಂಟು, ಗುರುತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮಧ್ಯಮಾರ್ಗವೊಂದಿದೆ: ಚಿನ್ನವನ್ನು ಬೇಕಾದರೆ ಕರಗಿಸಬಹುದು, ಕಲ್ಲನ್ನು ಉಳಿಸಬೇಕು. ನಿದರ್ಶನಕ್ಕೆ ಏಳುಕಲ್ಲಿನ ವಜ್ರದ ಓಲೆಯ ಒಂದು ಜೊತೆಯನ್ನೇ ತೆಗೆದುಕೊಳ್ಳಿ. ಇಬ್ಬರು ಹೆಣ್ಣುಮಕ್ಕಳಿದ್ದರೆ ಓಲೆಯೊಂದೊಂದರಂತೆ ಹಂಚಿ, ಏಳು ಕಲ್ಲುಗಳೂ ಕೆಡದಂತೆ ಅದನ್ನು ಪದಕವಾಗಿ ಮಾರ್ಪಡಿಸಬಹುದು. ಮೂವರಿದ್ದರೆ ಹದಿನಾಲ್ಕು ಕಲ್ಲುಗಳು ಸಮನಾಗಿ ಭಾಗವಾಗವು. ತಲೆಗೆ ನಾಲ್ಕರಂತೆ ಕೊಟ್ಟರೆ ಎರಡು ಮಿಗುವುವು. ಆ ಎರಡಕ್ಕಾಗಿ ಜಗಳವಾಡುವ ಮನೆಗಳೂ ಉಂಟು. ಅವೆರಡನ್ನೂ ಮೊಮ್ಮಕ್ಕಳ ಮೂಗುಬಟ್ಟಿಗೆ ಇಟ್ಟು ನಾಲ್ಕನೆಯ ಪಾಲೊಂದನ್ನು ಸೃಷ್ಟಿಸುವ ಮನೆಗಳೂ ಉಂಟು. ತಾಯಿ ಬದುಕಿದ್ದಾಗ ಆ ಮನೆಯನ್ನು ಹೇಗೆ ಕಟ್ಟಿದ್ದಳೆಂಬುದು ಆ ಎರಡು ಕಲ್ಲುಗಳ ವಿಷಯದಲ್ಲಿ ಗೊತ್ತಾಗುವುದು.

ಹೊಸದಾಗಿ ಕಲ್ಲನ್ನು ಆರಿಸುವವರು ಬೆಲೆಯನ್ನು ಕೊನೆಗೆ ಕೇಳಬೇಕು. ಮೊದಲು ಅಗಲಿದವರನ್ನು ನೆನೆಯಬೇಕು. ಅವರಿಗೆ ಯಾವ ಬಣ್ಣ ಪ್ರಿಯವಾಗಿತ್ತು? ಯಾವ ಸೀರೆಯಲ್ಲಿ, ಯಾವ ಹೂವಿನೊಡನೆ ಅವರು ನಮ್ಮ ಕಣ್ಣಿಗೆ ಕಟ್ಟಿದ್ದಾರೆ? ಆಡಂಬರವನ್ನು ಒಲ್ಲದವರ ನೆನಪಿಗೆ ದೊಡ್ಡ ವಜ್ರವು ಅವಮಾನವೇ ಸರಿ. ಹೊಲಮನೆಯಲ್ಲಿ ದುಡಿದ ತಂದೆಗೆ ನಮ್ಮ ಹಳೆಯ ಮೈಸೂರು ಸೀಮೆಯಲ್ಲಿಯೇ ದೊರೆಯುವ, ಬೆಳಕಿಗೆ ಹಿಡಿದರೆ ನಕ್ಷತ್ರ ಮೂಡುವ ಮಾಸಲು ಕೆಂಪು ಹೆಚ್ಚು ಒಪ್ಪಬಹುದು. ರತ್ನಗಳ ಗುಣದೋಷಗಳನ್ನು ತಿಳಿದು ಆರಿಸುವುದು ನಮ್ಮವರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಳುಕ್ಯ ದೊರೆ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅದನ್ನು ವಿವರವಾಗಿ ಹೇಳಿದ್ದಾನೆ. ನೀಲವೆಂದರೆ ಶನಿಯ ಕಲ್ಲೆಂದು ಅಂಜುವವರು ನಮ್ಮಲ್ಲಿ ಹೇರಳವಾಗಿದ್ದಾರೆ. ಅಂಜಿಕೊಂಡು ತೊಡುವ ಒಡವೆಯಿಂದ ನೆನಪಿಗೆ ಹಿತವಾಗದು. ಅಂಥವರು ಬೇರೆ ಕಲ್ಲನ್ನು ಆರಿಸುವುದೇ ಲೇಸು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್, ಇಂಗ್ಲೆಂಡುಗಳ ಅಕ್ಕಸಾಲಿಗರು ಒಂದು ಚಮತ್ಕಾರವನ್ನು ಬಳಕೆಗೆ ತಂದಿದ್ದರು: ರತ್ನಗಳನ್ನು ಸಾಲಾಗಿ ಕೂಡಿಸಿ, ಅವುಗಳ ಹೆಸರಿನ ಮೊದಲಕ್ಷರಗಳಿಂದ ಒಂದು ಪದವಾಗುವಂತೆ ಮಾಡುವುದು. ಇದು ಕನ್ನಡಕ್ಕೂ ಸೊಗಸಾಗಿ ಹೊಂದುತ್ತದೆ. ಸ್ವರಗಳನ್ನು ಬಿಟ್ಟು ವ್ಯಂಜನಗಳನ್ನು ಮಾತ್ರ ಗಣಿಸಿದರೆ ಹವಳ, ನೀಲ, ಮುತ್ತು, ಕೆಂಪು ಎಂಬ ನಾಲ್ಕು ಕಲ್ಲುಗಳ ಸಾಲು ಹನುಮಕ್ಕ ಎಂಬ ಅಜ್ಜಿಯ ಹೆಸರಾಗುವುದು. ಹೊರಗಿನವರು ನಾಲ್ಕು ಬಣ್ಣಗಳನ್ನು ನೋಡುವರು. ಮೊಮ್ಮಗಳು ಹೆಸರನ್ನು ಓದುವಳು. ಎಲಿಜಬೆತ್ ರಾಣಿಯ ಮುಚ್ಚಳದ ಗುಟ್ಟು ಇದರಲ್ಲಿಯೂ ಇದೆ.

ಆದರೆ ಇಂತಹ ಸಾಲನ್ನು ಉಂಗುರದಲ್ಲಿ ಕೂಡಿಸಕೂಡದು, ಅದಕ್ಕೆ ಕಾರಣವುಂಟು. ಜರ್ಮನ್ ವಿಜ್ಞಾನಿ ಮೋಸ್ ಎಂಬಾತನು ೧೮೧೨ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗಿನ ಅಳತೆಯೊಂದನ್ನು ಏರ್ಪಡಿಸಿದನು. ವಜ್ರಕ್ಕೆ ೧೦, ಕೆಂಪು, ನೀಲಗಳಿಗೆ ೯, ಪಚ್ಚೆಗೆ ಏಳೂವರೆಯಿಂದ ೮. ಹವಳಕ್ಕಾದರೋ ಮೂರು ನಾಲ್ಕು. ಮುತ್ತಿಗೂ ಹೆಚ್ಚುಕಡಮೆ ಅಷ್ಟೇ. ನಮ್ಮ ಮನೆಯ ಧೂಳಿನಲ್ಲಿರುವ ಮರಳಿನ ಕಣಕ್ಕೆ ೭. ಆದುದರಿಂದ ಏಳಕ್ಕಿಂತ ಮೆದುವಾದ ಕಲ್ಲು ಕೈಬೆರಳಿನಲ್ಲಿದ್ದರೆ ದಿನದಿನವೂ ಗೀರುಬಿದ್ದು ಕಾಂತಿಗುಂದುವುದು. ಪಚ್ಚೆಯು ಗಡಸಾದರೂ ಅದರ ಒಡಲಿನಲ್ಲಿ ಸಣ್ಣ ಬಿರುಕುಗಳಿರುವುದರಿಂದ ಪೆಟ್ಟನ್ನು ತಾಳದು. ಪ್ರತಿದಿನ ಕೆಲಸ ಮಾಡುವ ಕೈಗೆ ಕೆಂಪು, ನೀಲ, ವಜ್ರ. ಎದೆಯ ಮೇಲಿನ ಪದಕಕ್ಕೆ, ಕಿವಿಯ ಓಲೆಗೆ ಮುತ್ತು, ಹವಳ, ಪಚ್ಚೆ. ಇದು ನೆನಪಿಡತಕ್ಕ ಸೂತ್ರ. ಮುತ್ತಿನ ಒಡವೆಯನ್ನು ತೊಡುವವರು ಅತ್ತರು, ಪುಡಿಗಳನ್ನು ಮೊದಲು ಹಚ್ಚಿಕೊಂಡು ಕಡೆಗೆ ಒಡವೆಯನ್ನು ಧರಿಸಬೇಕು. ತೆಗೆದ ಮೇಲೆ ಬೆವರು ಹೋಗುವಂತೆ ಮೆತ್ತನೆಯ ಬಟ್ಟೆಯಿಂದ ಒರಸಿಡಬೇಕು.

ಅಕ್ಕಸಾಲಿಗನ ಹತ್ತಿರ ಹೋಗುವಾಗ ತಿಳಿದಿರಬೇಕಾದ ಸಂಗತಿಗಳೂ ಕೆಲವಿವೆ. ಹಳೆಯ ಕುಂದಣದ ಒಡವೆಗಳಲ್ಲಿ ಕಲ್ಲಿನ ಹಿಂಬದಿಯು ಮುಚ್ಚಿರುವುದು; ಒಳಗೆ ಅರಗು, ಕಲ್ಲಿನ ಅಡಿಯಲ್ಲಿ ಹೊಳಪಿಗಾಗಿ ಬೇಗಡೆ. ಇಂತಹುದನ್ನು ಬಿಸಿಮಾಡಿದರೆ ಅರಗು ಕರಗುವುದು. ನೀರಿನಲ್ಲಿ ನೆನೆಯಿಸಿದರೆ ಬೇಗಡೆ ಕಪ್ಪಾಗಿ ಕಲ್ಲು ಸತ್ತಂತೆ ಕಾಣುವುದು. ಕಲ್ಲುಗಳನ್ನು ಮೊದಲು ಬಿಡಿಸಿ ತೆಗೆದ ನಂತರವೇ ಬೆಸುಗೆಯ ಕೆಲಸ ನಡೆಯಬೇಕು. ಮುತ್ತು ಹವಳಗಳಿಗೂ ಪಚ್ಚೆಗೂ ಉರಿಯ ಬಿಸಿ ತಗಲಕೂಡದು. ಪಚ್ಚೆಯ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುವುದರಿಂದ, ಅಂಗಡಿಗಳಲ್ಲಿ ಈಗ ಬಳಸುವ ಕಂಪನದ ತೊಟ್ಟಿಯಲ್ಲಿ ಅದನ್ನು ತೊಳೆಯಿಸಬಾರದು. ಕೊಡುವ ಮೊದಲು ಒಡವೆಯ ಎರಡೂ ಮಗ್ಗುಲಿನ ಚಿತ್ರ ತೆಗೆಯಿಸಿ, ತೂಕವನ್ನೂ ಕಲ್ಲುಗಳ ಸಂಖ್ಯೆ, ಬಣ್ಣ, ಅಳತೆಗಳನ್ನೂ ಬರೆದು ಇಬ್ಬರೂ ರುಜು ಹಾಕುವುದು ಲೇಸು. ಇದು ಅಪನಂಬಿಕೆಯಲ್ಲ, ಒಳ್ಳೆಯ ಕೆಲಸಗಾರನೇ ಇದನ್ನು ಮೊದಲು ಕೇಳುವನು. ಬರೆದ ಚಿತ್ರವನ್ನು ನೋಡಿ ಒಪ್ಪಿದರೆ ಸಾಲದು. ಸಾಧ್ಯವಿದ್ದರೆ ಮೇಣದ ಮಾದರಿಯನ್ನು ಮಾಡಿಸಿ ಕೈಯಲ್ಲಿ ಹಿಡಿದು ನೋಡಬೇಕು. ಅಗಲಿದವರ ಹೆಸರೋ ದಿನವೋ ಇರಬೇಕೆಂದಾದರೆ ಅದು ಹಿಂಬದಿಯಲ್ಲಿ, ಮೈಗೆ ತಾಗುವ ಕಡೆ ಇರಲಿ. ಎಲ್ಲಕ್ಕಿಂತ ಮುಖ್ಯವಾದ ಮಾತು: ಸಾವಾದ ಹದಿನೈದು ದಿನಗಳೊಳಗೆ ಯಾವುದನ್ನೂ ಮುರಿಸಬೇಡಿರಿ. ವರ್ಷಾಬ್ದಿಕ ಕಳೆಯಲಿ, ಆಗ ಏನು ಬೇಕೆಂಬುದು ತಾನಾಗಿ ಸ್ಪಷ್ಟವಾಗುವುದು.

ಈಚಿನ ಇನ್ನೊಂದು ನೂತನವನ್ನು ಕುರಿತು ಎರಡು ಮಾತು. ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಸತ್ತವರ ಚಿತಾಭಸ್ಮದಿಂದಲೋ ಕೂದಲಿನಿಂದಲೋ ಇಂಗಾಲವನ್ನು ತೆಗೆದು, ಅದನ್ನು ಮಹತ್ತರವಾದ ಒತ್ತಡ ಮತ್ತು ಉಷ್ಣಕ್ಕೆ ಗುರಿಮಾಡಿ ವಜ್ರವನ್ನು ಬೆಳೆಸಿಕೊಡುವ ಸಂಸ್ಥೆಗಳು ಪರದೇಶಗಳಲ್ಲಿ ಹುಟ್ಟಿವೆ. ವಿಜ್ಞಾನದ ದೃಷ್ಟಿಯಿಂದ ಇದು ಅಸಾಧ್ಯವಲ್ಲ. ಆದರೆ ಚಿತೆಯಲ್ಲಿ ದೇಹದ ಇಂಗಾಲವು ಬಹುಪಾಲು ಹೊಗೆಯಾಗಿ ಹೋಗುವುದು, ಉಳಿದ ಬೂದಿಯು ಮುಖ್ಯವಾಗಿ ಎಲುಬಿನ ಸುಣ್ಣ ಮತ್ತು ರಂಜಕ, ಇಂಗಾಲವು ಅತ್ಯಲ್ಪ. ಅಲ್ಲದೆ ಇಂಗಾಲದ ಪರಮಾಣುವಿಗೆ ಹೆಸರೂ ಇಲ್ಲ, ಮುಖವೂ ಇಲ್ಲ; ಆ ವಜ್ರವು ಯಾರದೆಂದು ಯಾವ ಪರೀಕ್ಷಕನೂ ಹೇಳಲಾರನು. ಅದರಿಂದ ಸಮಾಧಾನ ಪಡೆಯುವವರನ್ನು ನಾವು ಹಳಿಯುವುದಿಲ್ಲ. ಆದರೆ ತಾಯಿ ಐವತ್ತು ವರ್ಷ ಕಿವಿಯಲ್ಲಿಟ್ಟುಕೊಂಡಿದ್ದ ಕಲ್ಲು ಮನೆಯಲ್ಲಿರುವಾಗ, ಆಕೆಯನ್ನು ಯಂತ್ರದಲ್ಲಿ ಹುಡುಕಬೇಕಾದ ಅಗತ್ಯವು ನಮಗೆ ಕಾಣದು.

ಕೊನೆಯದಾಗಿ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ವಿಷಯ. ಅವಳ ಒಡವೆಯನ್ನು ಇತರರು ತೆಗೆಸಿದ ಕಾಲವೊಂದಿತ್ತು. ಅನೇಕ ಕಡೆಗಳಲ್ಲಿ ಅದು ಇನ್ನೂ ಪೂರ್ತಿಯಾಗಿ ಕಳೆದಿಲ್ಲ. ತೆಗೆದ ತಾಳಿಯ ಚಿನ್ನವನ್ನೂ ಹವಳ ಮುತ್ತುಗಳನ್ನೂ ಏನು ಮಾಡಬೇಕೆಂದು ಅತ್ತೆಯ ಮನೆಯವರೂ ತವರಿನವರೂ ಮಾತನಾಡಿಕೊಳ್ಳುವರು; ಅವಳನ್ನು ಕೇಳುವವರು ವಿರಳ. ಅವಳು ಅದನ್ನು ಹಾಗೆಯೇ ಧರಿಸಬಹುದು, ತೆಗೆದಿಡಬಹುದು, ಗಂಡನ ನೆನಪಿನ ಚಿಕ್ಕ ಪದಕವನ್ನಾಗಿ ಮಾಡಿಸಿ ಕೊರಳಲ್ಲಿ ಹಾಕಿಕೊಳ್ಳಬಹುದು. ಈ ಮೂರರಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವ ಅಧಿಕಾರವು ಅವಳದೊಬ್ಬಳದೇ. ಮಾಸ್ತಿಗಲ್ಲಿನ ತೋಳಿಗೆ ಬಳೆಯನ್ನು ಕೊಟ್ಟು, ಬದುಕಿದ್ದ ತೋಳಿನಿಂದ ಬಳೆಯನ್ನು ಕಿತ್ತ ನಾಡು ನಮ್ಮದು. ಬದುಕಿರುವವಳ ಕೊರಳಿನಲ್ಲಿ ನೆನಪು ಹೊಳೆಯಲು ಅವಕಾಶವಾದರೆ ಆ ಹಳೆಯ ಋಣದಲ್ಲಿ ಸ್ವಲ್ಪವಾದರೂ ತೀರೀತು.

ರತ್ನಕ್ಕೆ ಸಾವಿಲ್ಲ, ಆದರೆ ಅದಕ್ಕೆ ತಾನಾಗಿ ನೆನಪೂ ಇಲ್ಲ. ಯಾರದು, ಏಕೆ ಮಾಡಿಸಿದುದು ಎಂಬ ಮಾತನ್ನು ಮಕ್ಕಳಿಗೆ ಹೇಳದೆ ಹೋದರೆ ಎಂತಹ ನೆನಪಿನ ಒಡವೆಯೂ ಎರಡು ತಲೆಮಾರಿನಲ್ಲಿ ಬರಿಯ ಒಡವೆಯಾಗುವುದು. ಆದುದರಿಂದ ಒಡವೆಯ ಜೊತೆಗೆ ಪೆಟ್ಟಿಗೆಯಲ್ಲಿ ಒಂದು ಕಾಗದವಿರಲಿ. ತೊಟ್ಟ ದಿನ ಬಾಯಲ್ಲಿ ಒಂದು ಕಥೆಯಿರಲಿ. ಚಿನ್ನದ ಕೆಲಸವನ್ನು ಅಕ್ಕಸಾಲಿಗನು ಮಾಡಿಕೊಡುವನು. ಈ ಕೆಲಸವನ್ನು ಮಾತ್ರ ನಾವೇ ಮಾಡಬೇಕು.